ಕಲ್ಯಾಣ ಖಾಡಿ ದಾಟಿದ ಅಲೆಕ್ಸಾಂಡರ್

"ನನ್ನ ಮೇಲಂಗಿಗಳನ್ನು ಕೆಸರಿಗೆ ಹಾಕಿದ್ದು ಯಾರು?!"

ಶ್ರದ್ಧಾಳ ಕೂಗಿಗೆ ಗ್ರೀಕ್ ಸೈನ್ಯವೇ ಬೆಚ್ಚಿಬಿತ್ತು.

"ನಾನೇ ರೀ," ಅಂದ ಸಹಾಯಕ ನಿರ್ದೇಶಕ ವಿಠಲ, ಮೆಗಾಫೋನ್ ಇಳಿಸಿ. ಹುಟ್ಟೂರು ವಿಜಯಪುರ, ಈಗ ಮನೆ ಇಲ್ಲೇ ಕಲ್ಯಾಣದಲ್ಲಿ. "ನದಿ ದಾಟಿ ಬಂದವ ಇಸ್ತ್ರಿ ಅಂಗ್ಯಾಗ ಇರ್ತಾನೇನ್ರಿ?"

"ನಿಮಗೆ ಎಂತ ನಾಚಿಕೆಯೇ ಇಲ್ವಾ?"

"ಇದ್ದಿದ್ರ ಸಿನಿಮಾಕ್ಕ ಬರ್ತಿದ್ನೇನ್ರಿ?"

ಥೂ...! ಎಂಥ ಸೊಕ್ಕು!

ಡೊಂಬಿವಲಿಯ ತುಳು ಮನೆಯ ಶ್ರದ್ಧಾಳಿಗೆ ಈ ಸಿನಿಮಾದ ಉಡುಪು ನೋಡಿಕೊಳ್ಳುವ ಕೆಲಸ. ಅಲೆಕ್ಸಾಂಡರನ ದಂಡಯಾತ್ರೆಯ ಮಹಾಚಿತ್ರವಂತೆ! ಝೇಲಂ ನದಿ ಅಂದರೆ ಸಮುದ್ರದ ನೀರು ನುಗ್ಗುವ, ಕಲ್ಯಾಣದ ಈ ನಾತದ ಖಾಡಿ. ಗ್ರೀಕರು ಅಂದರೆ ಉಲ್ಹಾಸನಗರದ ಹಮಾಲರು, ತಲೆಗೆ ಬಂಗಾರದ ಬಣ್ಣದ ಪ್ಲಾಸ್ಟಿಕ್ ಕೂದಲು. ಪೋರಸನ ಆನೆಗಳು ಇನ್ನೂ ಕಂಪ್ಯೂಟರಿನಲ್ಲಿ ಹುಟ್ಟಬೇಕಿತ್ತು. ಜಗತ್ತು ಗೆಲ್ಲಲು ಹೊರಟ ಹೀರೋಗೆ ಕೆಸರೆಂದರೆ ಅಲರ್ಜಿ!

ಎಲ್ಲರಿಗಿಂತ ಅಸಹ್ಯ, ಈ ವಿಠಲ. ಸತ್ತ ಸೈನಿಕರಾಗಿ ಬಿಸಿಲಲ್ಲಿ ಬಿದ್ದ ಬಡಪಾಯಿಗಳ ಮೇಲೆ ದಿನವಿಡೀ ಅರಚುತ್ತಿದ್ದ: "ಹೆಣಗಳೇ, ಅಲುಗಾಡಬ್ಯಾಡ್ರಿ!"

ಡೈರೆಕ್ಟರನ ಬಾಲ...! ಅವನತ್ತ ಮತ್ತೆ ಮತ್ತೆ ಹೊರಳುವ ತನ್ನ ಕಣ್ಣುಗಳ ಮೇಲೂ ಅವಳಿಗೆ ತಿರಸ್ಕಾರವೇ.

ಕೊನೆಯ ಯುದ್ಧದ ದಿನ, 'ಹೆಣಗಳು' ಖಾಡಿಯ ಕೆಸರಲ್ಲಿ ಬಿದ್ದಿರುವಾಗಲೇ ಉಬ್ಬರದ ನೀರು ಏರಿತು.

"ಇನ್ನೊಂದು ಟೇಕ್!" ಕೊಡೆಯ ನೆರಳಿನಿಂದ ಡೈರೆಕ್ಟರ್ ಲಕ್ಷ್ಮೀಕಾಂತ ಗರ್ಜಿಸಿದ.

ಮೆಗಾಫೋನ್ ಕೂಗಿತು: "ಎಲ್ಲಾರೂ ಏಳ್ರಿ! ದಂಡಿ ಮ್ಯಾಲಕ್ಕ ಓಡ್ರಿ!"

"ವಿಠಲ್! ನಿನ್ನ ಕೆಲಸ ಹೋಯ್ತು!"

ವಿಠಲ ಕೇಳಲೇ ಇಲ್ಲ. ಸಿದ್ರಾಮನೆಂಬ ಹಮಾಲ ಕವಚದ ಭಾರಕ್ಕೆ ಕೆಸರಲ್ಲಿ ಹೂತು ಹೋಗಿದ್ದ, ನೀರು ಅವನ ಗಂಟಲಿಗೆ ಬಂದಿತ್ತು. ವಿಠಲ ಧುಮುಕಿದ. ಮರುಕ್ಷಣ ಕತ್ತರಿ ಹಿಡಿದು ಶ್ರದ್ಧಾಳೂ! ಕವಚದ ಪಟ್ಟಿಗಳನ್ನು ಅವಳು ಕತ್ತರಿಸಿದಳು, ಅವನು ಎಳೆದ. ಮೂವರೂ ಏದುಸಿರು ಬಿಡುತ್ತ ದಡಕ್ಕೆ ಬಿದ್ದರು.

"ದಿನಾ ಅಷ್ಟು ಅರಚುತ್ತಿದ್ದದ್ದು ಯಾಕೆ ಮತ್ತೆ?" ಕತ್ತರಿ ಕೆಳಗಿಟ್ಟು ಅವಳು ಕೇಳಿದಳು.

"ಒಬ್ಬ ಅಲುಗಾಡಿದ್ರ ಇನ್ನೊಂದು ಟೇಕ್, ಎಲ್ಲಾರೂ ಮತ್ತ ಬಿಸಲಾಗ ಬೀಳಬೇಕಲ್ರಿ..."

ಅಯ್ಯೋ, ಇಷ್ಟು ದಿನ ಏನೆಲ್ಲ ಅಂದುಕೊಂಡುಬಿಟ್ಟೆ...! ಅವಳ ಕಣ್ಣು ತುಂಬಿತು.

ಸಂಜೆ ಕಲ್ಯಾಣ ಸ್ಟೇಷನ್ನಿನಲ್ಲಿ ಚಹಾ ಹಿಡಿದು ನಿಂತರು.

"ಕೆಲಸ ಹೋಯ್ತಲ್ಲ..."

"ಹೋಗ್ಲಿ ಬಿಡ್ರಿ. ನಿಮ್ಮನ್ನ ದಿನಾ ನೋಡೂದು ತಪ್ಪತೈತಲ್ಲ, ಅದಕ್ಕ ಜೀವ ಹೊಯ್ದಾಡತೈತಿ."

ಅವಳ ಕೆನ್ನೆ ಕೆಂಪಾಯಿತು. "ಡೊಂಬಿವಲಿಗೆ ಲೋಕಲ್ ರೈಲು ಇಲ್ವಾ ಮಾರಾಯ್ರೆ? ಮನೆಗೆ ಬನ್ನಿ."

"ಯಾರಂತ ಹೇಳ್ತೀರಿ?"

"ಅಮ್ಮನಿಗೆ ತುಳುವಲ್ಲಿ ಹೇಳ್ತೇನೆ. ನಿಮಗೆ ಗೊತ್ತಾಗಬಾರದು!"

"ಈಗ ಕನ್ನಡದಾಗ ಹೇಳ್ರಿ."

ರೈಲು ಬಂತು. ಅವಳು ಹತ್ತಲಿಲ್ಲ.

"ಇವರು ನನಗೆ ಬೇಕು ಅಂತ..."