ನಿಲ್ಲಬಾರದ ವೇಗ

ಚಳಿ ಹಿಂದೆ ಸರಿದು ಒಣಗಾಳಿ ಬೀಸತೊಡಗಿತ್ತು. ಇಂಥ ದಿನಗಳಲ್ಲಿ ಮರ ತನ್ನಷ್ಟಕ್ಕೆ ತಾನೇ ಸದ್ದು ಮಾಡುತ್ತದೆ. ಗೋಡೆಗೊರಗಿದ ಹಲಗೆ ನಿಂತಲ್ಲೇ ಲಟಕ್ಕೆನ್ನುತ್ತದೆ. ಬಡಗಿಯ ಮಗಳು ತಲೆಯೆತ್ತದೆ ಬಾಗಿಲ ಹಲಗೆಯ ಮೇಲೆ ಉಳಿಯಿಂದ ಬಳ್ಳಿ ಕೆತ್ತುತ್ತಿದ್ದಳು. ಯಂತ್ರ ಕೆತ್ತಬೇಕಾದ ಬಳ್ಳಿ ಅದು. ಆದರೆ ಯಂತ್ರದ ಸ್ಪಿಂಡಲ್, ಅಂದರೆ ಕೆತ್ತುವ ಅಲಗನ್ನು ತಿರುಗಿಸುವ ಮೋಟಾರನ್ನು, ಬೇಕಾದ ವೇಗಕ್ಕೆ ತಿರುಗಿಸುವ ಡ್ರೈವ್, ಅಣ್ಣ ತೀರಿಕೊಂಡ ವಾರದಲ್ಲೇ ಸುಟ್ಟುಹೋಗಿತ್ತು. ಅಣ್ಣ ಕಟ್ಟಿದ ಯಂತ್ರ. ಅದರ ಮೇಲೆ ಹೊದಿಸಿದ ಬಟ್ಟೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು, ಒಳಗೆ ಯಾರೋ ಮಲಗಿ ಉಸಿರಾಡಿದ ಹಾಗೆ.

ಅಪ್ಪನ ಕಿವಿ ಕೇಳದಾಗಿ ಎಷ್ಟೋ ವರ್ಷವಾಗಿತ್ತು. ಬೆಂಚಿನ ಮೇಲೆ ಅಂಗೈ ಊರಿ, ಅದರ ಅದುರಿನಿಂದಲೇ ಶೆಡ್ಡಿನ ಸುದ್ದಿಯನ್ನೆಲ್ಲ ತಿಳಿದುಕೊಳ್ಳುತ್ತಿದ್ದ.

“ಬಂದ,” ಅಂದ.

ಅವಳ ಮೈ ಝುಮ್ಮೆಂದಿತು. ತಿರುಗಿದರೆ ಬಾಗಿಲಲ್ಲಿ ಕರೆಂಟ್‌ನವನು. ಅಣ್ಣನ ಗೆಳೆಯ. ಹೊರಗೆ ಅವನ ಬೈಕು ಇನ್ನೂ ಗುಡುಗುಡು ಅನ್ನುತ್ತಿತ್ತು. ಕಂಕುಳಲ್ಲಿ ಒಂದು, ಹೆಗಲ ಮೇಲೊಂದು ಡಬ್ಬ.

“ಏನು ಕರೆಂಟ್ ಸಾಹೇಬ್ರೇ, ಡ್ರೈವ್ ತನ್ನಿ ಅಂದ್ರೆ ಸಂಸಾರಾನೇ ಹೊತ್ಕೊಂಡು ಬಂದ ಹಾಗಿದೆ?”

“ಸಂಸಾರದ ಮಾತು ನಾನು ಕೇಳಿ ವರ್ಷ ಆಯ್ತು. ಉತ್ತರ ನಿಮ್ಮ ಹತ್ರಾನೇ ಬಾಕಿ ಇದೆ.”

ಅವಳು ಉಳಿಯ ಅಂಚಿನ ಪುಡಿ ಊದಿದಳು. ಅಣ್ಣ ಇದ್ದಾಗಲೇ ಅವನು ಕೇಳಿದ್ದ. ಅಣ್ಣ ಹೋದ ಮೇಲೆ ಆ ಮಾತಿರಲಿ, ಯಾವ ಮಾತಿಗೂ ಅವಳು ಸರಿಯಾಗಿ ಬಾಯಿ ಬಿಟ್ಟಿರಲಿಲ್ಲ.

ಅವನು ಎರಡು ಡ್ರೈವನ್ನೂ ಬೆಂಚಿನ ಮೇಲಿಟ್ಟ. “ಚಿಕ್ಕದೂ ನಾನೂರು ಹರ್ಟ್ಸ್ ವೇಗ ಮುಟ್ಟುತ್ತೆ. ಆದ್ರೆ ಗಟ್ಟಿ ಮರ ಸಿಕ್ಕರೆ ಏದುಸಿರು ಬಿಡುತ್ತೆ. ದೊಡ್ಡದು ಮೋಟಾರಿನ ನಾಡಿ ಹಿಡಿದು ನೋಡಿ, ಭಾರ ಬಿದ್ದಷ್ಟೂ ಬಲ ಕೊಡುತ್ತೆ. ನಿಮ್ಮದು ಸಿಂಗಲ್ ಫೇಸ್ ಕರೆಂಟು, ಅದಕ್ಕೇ ಮೋಟಾರಿನ ಆಂಪಿಯರ್ ನೋಡಿ ಒಂದು ಸೈಜ್ ಜಾಸ್ತಿನೇ ತಂದೆ.”

“ನೀರಿನ ಪಂಪ್‌ಗೆ ಹಾಕೋ ಡ್ರೈವೇ ಆಗಲ್ವಾ?”

“ಪಂಪು ಎಮ್ಮೆ ಥರ, ಹೊಡೆದ ಕಡೆ ನಡೆಯುತ್ತೆ. ಸ್ಪಿಂಡಲ್ ಹಾಗಲ್ಲ. ಮಾತು ಕಮ್ಮಿ, ಹಟ ಜಾಸ್ತಿ.” ಅವಳ ಕಡೆ ಓರೆಯಾಗಿ ನೋಡಿದ. “ನನಗೆ ಗೊತ್ತಿರೋರೊಬ್ಬರ ಹಾಗೆ.”

ತುಟಿ ಕಚ್ಚಿ ನಗು ತಡೆದಳು. ಅದು ಅವನ ಕಣ್ಣಿಗೆ ಬಿತ್ತು.

ಯಂತ್ರದ ಬಟ್ಟೆ ಸರಿಸಿ, ದೊಡ್ಡದನ್ನು ಜೋಡಿಸಿ, ಮೋಟಾರಿನ ಮೇಲಿನ ಫಲಕ ಓದಿ ಸಂಖ್ಯೆಗಳನ್ನೆಲ್ಲ ತುಂಬಿದ. ಗುಂಡಿಯನ್ನು ನಿಧಾನವಾಗಿ ತಿರುಗಿಸಿದ. ಸ್ಪಿಂಡಲ್ ಗುಂಯ್ಗುಟ್ಟಿತು, ಏರಿತು, ಏರುತ್ತಾ ಒಂದು ಕಡೆ ದನಿ ಬದಲಾಯಿತು.

ಬಾಯಿ ಮುಚ್ಚಿಕೊಂಡು ಯಾರೋ ಗುನುಗುತ್ತಿದ್ದರು. ನಡುವೆ ಸಣ್ಣಗೆ ಉಸಿರೆಳೆದು ಮತ್ತೆ ಗುನುಗು. ಕೆಲಸ ಮಾಡುವಾಗ ಅಣ್ಣ ಹೀಗೇ ಉಸಿರೆಳೆಯುತ್ತಿದ್ದ. ಬೆಂಚಿನ ಮೇಲಿನ ಮರದ ಪುಡಿ ತಾನಾಗಿ ಸರಿದು ಗೆರೆಗಟ್ಟಿತು. ಅಪ್ಪನ ಅಂಗೈ ಹಲಗೆಗೆ ಅಂಟಿಕೊಂಡಿತು.

“ಮಗಾ,” ಅಂದ ಅಪ್ಪ.

ಕರೆಂಟ್‌ನವನು ಸರಕ್ಕನೆ ಸ್ವಿಚ್ ಆರಿಸಿದ. ಸ್ಪಿಂಡಲ್ ಸುತ್ತುತ್ತಾ ಸುತ್ತುತ್ತಾ ನಿಂತಿತು.

“ಒಂದೊಂದು ವೇಗಕ್ಕೆ ಶೆಡ್ಡೇ ಜೊತೆ ಸೇರಿ ನಡುಗುತ್ತೆ,” ಎಂದ. “ಅಲ್ಲೇ ನಿಂತರೆ ಬೇರಿಂಗ್ ಉಳಿಯಲ್ಲ. ಹಳೇ ಡ್ರೈವಿನಲ್ಲೂ ಈ ಜಾಗ ಬಿಟ್ಟು ದಾಟೋ ಹಾಗೆ ಇಟ್ಟಿದ್ದೆ. ನಿಮ್ಮಣ್ಣನೇ ಹೇಳಿದ್ದು.”

“ಅವನು ಯಾಕೆ ಹೇಳಿದ?”

“ಕೇಳಿದ್ದಕ್ಕೆ ನಕ್ಕುಬಿಟ್ಟ. ‘ಅಲ್ಲಿ ಅಮ್ಮ ಕರೀತಾಳೆ ಕಣೋ, ನಿಲ್ಲಿಸಬೇಡ’ ಅಂದ.”

ಅಮ್ಮ ತೀರಿಕೊಂಡ ಮೇಲೆ ಕಟ್ಟಿದ ಯಂತ್ರ ಅದು. ಅವಳು ಸೆರಗನ್ನು ಹೆಗಲ ಸುತ್ತ ಬಿಗಿದುಕೊಂಡಳು.

“ಚಿಕ್ಕದೇ ಇರಲಿ.”

“ಅದಕ್ಕೆ ಆ ಜಾಗ ದಾಟಿಸೋಕೆ ಬರಲ್ಲ.”

“ಅದಕ್ಕೇ ಕೇಳ್ತಿರೋದು.”

ಅವನು ದೊಡ್ಡದರ ವೈರು ಬಿಚ್ಚಲು ಕೈ ಹಾಕಿದ. ಸ್ಕ್ರೂಡ್ರೈವರ್ ತಿರುಪಿನ ಮೇಲೆ ನಿಲ್ಲದೆ ಜಾರುತ್ತಿತ್ತು.

“ನಿಮಗೂ ಅಣ್ಣನೇ ಕೇಳಿಸಿದ್ನಾ?”

“ಇಲ್ಲ.”

“ಮತ್ತೆ?”

“ಬಿಡಿ.”

“ಹೇಳಿ ಅಂದೆ.”

ಅವನು ತಲೆಯೆತ್ತಿದ. ಮುಖ ಬಿಳಿಚಿಕೊಂಡಿತ್ತು. “ನೀವು. ನಿಮ್ಮ ದನಿ.”

ಗೋಡೆಯ ಬಳಿ ಹಲಗೆಯೊಂದು ಲಟಕ್ಕೆಂದಿತು.

“ನಾನು ಬದುಕಿದ್ದೀನಲ್ಲ!”

“ಅದಕ್ಕೇ ನನಗೆ ಭಯ ಆಗಿದ್ದು.”

ಅವಳು ತನ್ನ ಕೈ ನೋಡಿಕೊಂಡಳು. ಬೆರಳ ಸಂದಿಯಲ್ಲೆಲ್ಲ ಮರದ ಪುಡಿ, ಬೂದಿ ಮೆತ್ತಿದ ಹಾಗೆ. ಒಂದು ವರ್ಷದಿಂದ ಈ ಶೆಡ್ಡಿನಲ್ಲಿ ಯಾರ ಜೊತೆ ಇದ್ದೆ, ಯಾರನ್ನು ಹೊಸ್ತಿಲಾಚೆ ನಿಲ್ಲಿಸಿದೆ ಎಂದು ಯೋಚಿಸಿದಳು. ಆಚೆ ನಿಂತವನಿಗೆ ತಾನೂ ಸತ್ತವರ ಲೆಕ್ಕಕ್ಕೇ ಸೇರಿದ್ದೆನೆ? ಹತ್ತಿರ ಹೋಗಿ ಅವನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡಳು. ಬೆರಳು ಬೆರಳಿಗೆ ತಾಗಿತು. ಅವನ ಕೈ ಮಂಜಿನಂತೆ ಕೊರೆಯುತ್ತಿತ್ತು, ಅವಳದು ಬಿಸಿಯಾಗಿತ್ತು.

“ನಿಮ್ಮ ಬಾಕಿ ತೀರಿಸಿಬಿಡ್ತೀನಿ,” ಎಂದಳು. “ನನಗೆ ಒಪ್ಪಿಗೆ.”

ಅವನು ಹಿಡಿದಿದ್ದ ವೈರು ಬಿಟ್ಟು ಅವಳತ್ತ ತಿರುಗಿದ.

“ಹಾಗೆ ಬಾಯಿ ಬಿಟ್ಕೊಂಡು ನಿಂತ್ರೆ ಪುಡಿ ಹೋಗುತ್ತೆ. ಇನ್ನೊಂದ್ಸಲ ಅದೇ ಜಾಗದಲ್ಲಿ ನಿಲ್ಲಿಸು.”

‘ನಿಲ್ಲಿಸಿ’ ಅನ್ನದೆ ‘ನಿಲ್ಲಿಸು’ ಎಂದದ್ದಕ್ಕೆ ಅವನ ಕಿವಿ ಕೆಂಪಾಯಿತು. ಗುಂಡಿ ತಿರುಗಿಸಿದ. ಅದೇ ಗುನುಗು ಬಂತು, ಅದೇ ಉಸಿರು. ಅಣ್ಣ ಅವಳ ಬೆನ್ನ ಹಿಂದೆಯೇ ನಿಂತಂತಿತ್ತು. ಅವಳು ತಿರುಗಿ ನೋಡಲಿಲ್ಲ. ಎದುರಿದ್ದವನ ಮುಖವನ್ನೇ ನೋಡುತ್ತಿದ್ದಳು.

“ಏನು ಕೇಳಿಸ್ತಿದೆ?”

ಅವನು ಕಿವಿಗೊಟ್ಟ. ಮುಖಕ್ಕೆ ಮೆಲ್ಲಗೆ ರಕ್ತ ಮರಳಿತು. “ಏನಿಲ್ಲ. ಬರೀ ಬೇರಿಂಗ್.”

ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು. “ದೊಡ್ಡದೇ ಇರಲಿ. ಆ ಜಾಗ ದಾಟಿಸಿಬಿಡು.”

“ದಾಟಿಸಿದ್ರೂ ಏರುವಾಗೊಮ್ಮೆ ಅದನ್ನ ಹಾದೇ ಹೋಗಬೇಕು. ನಿಲ್ಲಲ್ಲ, ಅಷ್ಟೇ.”

“ಅಷ್ಟು ಸಾಕು.”

ಸಂಖ್ಯೆ ತುಂಬಿದ ಮೇಲೆ ಅವಳೇ ಗುಂಡಿ ಒತ್ತಿದಳು. ಸ್ಪಿಂಡಲ್ ಏರಿತು. ನಡುವೆ ಒಂದು ಗಳಿಗೆ ಆ ದನಿ ಬಂತು, ಬಾಗಿಲಲ್ಲಿ ಇಣುಕಿ ‘ಬರ್ತೀನಿ’ ಎಂದು ಹೊರಟವನ ಹಾಗೆ. ಆಮೇಲೆ ಬರೀ ಮೋಟಾರಿನ ಸದ್ದು.

ಅಪ್ಪ ಬೆಂಚಿನಿಂದ ಅಂಗೈ ಎತ್ತಿ ಪುಡಿ ಕೊಡವಿಕೊಂಡ.

“ಹೋದ,” ಅಂದ. ಒಬ್ಬರ ಪಕ್ಕ ಒಬ್ಬರು ನಿಂತಿದ್ದ ಅವರಿಬ್ಬರನ್ನೂ ನೋಡಿ, “ಇನ್ನೇನು ನೋಡ್ತೀರಿ? ಹಲಗೆ ಇಡಿ.”