ಜನವರಿಯಲ್ಲಿ ಟೈರ್ ಬದಲಿಸಿದವನು

ಹಿಂದಿನ ಚಕ್ರ ಎಡಕ್ಕೆ ಹೋಯಿತು.

ಮುಂದಿನ ಚಕ್ರ ನೆಟ್ಟಗೆ ಹೋಯಿತು.

ನಾನು ಯಾವುದರ ಜೊತೆ ಹೋಗಲಿ ಅಂತ ಯೋಚಿಸೋಕೆ ಟೈಮ್ ಇರಲಿಲ್ಲ... ಎದುರಿಗೆ ಮರದ ದಿಮ್ಮಿ ತುಂಬಿದ ಲಾರಿ. ಎಡಕ್ಕೆ ಕಾಫಿ ತೋಟದ ಮುಳ್ಳುತಂತಿ. ಬಲಕ್ಕೆ ಏನೂ ಇಲ್ಲ. ಆ ಏನೂ ಇಲ್ಲದ್ದರ ತಳದಲ್ಲಿ ಹಳ್ಳ.

ಹಿಂದೆ ಕೂತಿದ್ದ ಚೌಡಮ್ಮ ನನ್ನ ಕಿವಿಗೆ ಬಾಯಿಟ್ಟು ಹೇಳಿದಳು.

"ಇನ್ನೊಂದ್ ಸಲ ಬೈಕಿಂದ ಬಿದ್ರೆ ನಾನ್ ಸಾಕ್ಷಿ ಹೇಳಾಕಿಲ್ಲ ಕಣಪ್ಪ."

ಲಾರಿ ನನ್ನ ಮೊಣಕೈ ಸವರಿಕೊಂಡು ಹೋಯಿತು. ಡ್ರೈವರ್ ನನ್ನ ವಂಶದ ಬಗ್ಗೆ ಏನೋ ಹೇಳಿದ. ಪೂರ್ತಿ ಕೇಳಿಸಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಸುನಿಲ್‌ಕುಮಾರ್ ಇನ್ನೂ ಹಿಂದೆಯೇ ಇದ್ದ. ಬೈಕಿನ ಟ್ಯಾಂಕ್ ಮೇಲೆ ಅಡ್ಡಲಾಗಿ ಒಂದು ದೊಣ್ಣೆ.

ತಡೀರಿ ಸಾರ್. ಮೊದಲಿಂದ ಹೇಳ್ತೀನಿ. ಟೈರ್ ವಿಷಯ ಗೊತ್ತಾಗದೆ ಈ ಕೇಸ್ ಅರ್ಥ ಆಗಲ್ಲ.

ನಮ್ಮ ಸಕಲೇಶಪುರ, ಆಲೂರು ಕಡೆ ಬೈಕಿಗೆ ಟೈರ್ ಹಾಕಿಸೋದು ಮೇ ತಿಂಗಳ ಕೊನೆಗೆ. ಮುಂಗಾರಿಗೆ ಮುಂಚೆ. ಅದಕ್ಕೂ ಮೊದಲು ಹಾಕಿಸಿದರೆ ದುಂದು. ಆಮೇಲೆ ಹಾಕಿಸಿದರೆ ಮೂಳೆ ಡಾಕ್ಟರ ಖರ್ಚೂ ಸೇರುತ್ತೆ. ಸವೆದಿದೆಯೋ ಇಲ್ಲವೋ ಅಂತ ನೋಡೋಕೆ ನಮ್ಮಲ್ಲಿ ಗೇಜು ಗೀಜು ಇಲ್ಲ. ಟೈರಿನ ಗೀರಿಗೆ ಒಂದು ಕಾಫಿ ಬೀಜ ಇಡೋದು. ಮುಳುಗಿದರೆ ಟೈರ್ ಗಟ್ಟಿ. ತಲೆ ಎತ್ತಿದರೆ ಬದಲಿಸಬೇಕು.

ಇದು ಶಾಸ್ತ್ರ. ಆಚಾರ ಬೇರೆ. ರೋಬಸ್ಟಾ ಬೀಜ ತಲೆ ಎತ್ತಿದರೆ ಅದಕ್ಕಿಂತ ಚಪ್ಪಟೆಯ ಅರೇಬಿಕಾ ಬೀಜ ಇಟ್ಟು ನೋಡ್ತಾರೆ. ಅದೂ ಎತ್ತಿದರೆ ಏಲಕ್ಕಿ ಬಿಡಿಸಿ ಒಳಗಿನ ಕಾಳು ಇಡ್ತಾರೆ. ಈ ವರ್ಷ, ಅಂದರೆ ತೊಂಬತ್ತೆಂಟನೇ ಇಸವಿ ಜನವರಿಯಲ್ಲಿ, ನನ್ನ ಯೆಜ್ಡಿ ಬೈಕು ಸಾಸಿವೆಗೆ ಬಂದಿತ್ತು.

ಆ ಜನವರಿಯಲ್ಲೇ ಆನೇಮಹಲ್ ಆಚೆಯ ಎಸ್ಟೇಟಿನ ಒಡತಿ ರಾಜಲಕ್ಷ್ಮಮ್ಮನವರಿಂದ ಫೋನ್ ಬಂತು. ನಮ್ಮ ಕಡೆ ಎಸ್ಟೇಟಲ್ಲಿ ಏನಾದರೂ ಕಳುವಾದರೆ ಪೊಲೀಸರಿಗಿಂತ ಮೊದಲು ಕರೆಯೋದು ನನ್ನನ್ನ. ನಾನು ಪೇಪರ್‌ನವರಿಗೆ ಹೇಳಲ್ಲ.

"ಯೋಗೇಶ, ಕಳ್ಳ ಸಿಕ್ಕವ್ನೆ. ಬಂದು ಬಾಯಿ ಬಿಡಿಸು."

ಹೋದೆ. ಸಂತೆ ದಿನ ಎಲ್ಲರೂ ಪೇಟೆಗೆ ಹೋಗಿದ್ದಾಗ ಸ್ಟೋರಿನ ಬೀಗ ಒಡೆದು ಕಾಫಿ ಮೂಟೆ ಸಾಗಿಸಿದ್ದರು. ಸಂತೆಯ ಹಿಂದಿನ ದಿನ ಅಕಾಲದ ಮಳೆ ಹನಿದಿತ್ತು. ಸ್ಟೋರಿನ ಮುಂದಿನ ಕೆಸರಲ್ಲಿ ಬೈಕ್ ಹೋಗಿಬಂದ ಗುರುತು. ರಿಬ್ಬನ್ ಎಳೆದ ಹಾಗೆ ನುಣ್ಣಗೆ. ಒಂದು ಗೀರಿಲ್ಲ.

ಬೋಳು ಟೈರ್.

ಕಾಫಿ ಒಣಗಿಸುವ ಕಣದಲ್ಲಿ ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ನಂಜುಂಡ ತಲೆ ತಗ್ಗಿಸಿ ನಿಂತಿದ್ದ. ಅವನಪ್ಪನೂ ಅದೇ ಎಸ್ಟೇಟಿನ ರೈಟರ್ ಆಗಿದ್ದವನು. ಕುರ್ಚಿ ಹಾಕಿಕೊಂಡು ರಾಜಲಕ್ಷ್ಮಮ್ಮನವರು, ನಮಗೆಲ್ಲ ಅಮ್ಮ, ಕೂತಿದ್ದರು. ಪಕ್ಕದಲ್ಲಿ ಅವರ ತಮ್ಮನ ಮಗ ಸುನಿಲ್‌ಕುಮಾರ್. ಕೂಲಿಂಗ್ ಗ್ಲಾಸು. ಬಿಸಿಲಿರಲಿಲ್ಲ.

"ಏನಮ್ಮ ಸಾಕ್ಷಿ?"

"ಅವನ ಬೈಕಿನ ಟೈರ್ ನೋಡು."

"ಬೋಳಾ?"

"ಹೊಸದು."

ಜನವರಿಯಲ್ಲಿ... ಹೊಸ ಟೈರ್!

ಎಸ್ಟೇಟಿಗೆ ಬಂದುಹೋಗೋ ಬೈಕುಗಳನ್ನೆಲ್ಲ ಅಮ್ಮ ಸಾಲಾಗಿ ನಿಲ್ಲಿಸಿದ್ದರು. ಸುನಿಲನದು, ಡ್ರೈವರ್ ಜವರಪ್ಪನದು, ದನದ ಡಾಕ್ಟರದು. ಎಲ್ಲವೂ ನನ್ನ ಯೆಜ್ಡಿಯ ಹಾಗೇ ಬೋಳು. ಮರ್ಯಾದಸ್ಥರ ಬೈಕುಗಳು. ನಂಜುಂಡನದೊಂದೇ ಮಿರಮಿರ ಮಿನುಗುತ್ತಿತ್ತು. ಕಳುವಾದ ಮಾರನೇ ದಿನ ಹಾಕಿಸಿದ್ದನಂತೆ.

"ಗುರುತು ಸಿಗಬಾರ್ದು ಅಂತ ಬದಲಾಯ್ಸವ್ನೆ. ಕಳ್ಳ ಅಲ್ದೆ ಇನ್ಯಾರು ಜನವರಿಲಿ ಟೈರ್ ಹಾಕುಸ್ತಾರೆ ಅತ್ತೆ?" ಅಂದ ಸುನಿಲ.

ತಾಲ್ಲೂಕಿನಲ್ಲಿ ಯಾರೂ ಆ ಮಾತನ್ನ ಅಲ್ಲಗಳೆಯೋ ಹಾಗಿರಲಿಲ್ಲ.

"ಯಾಕೆ ಹಾಕಿಸ್ದೆ ನಂಜುಂಡ?"

"ಹೇಳಕ್ಕಾಗಲ್ಲ ಅಣ್ಣ. ಆಣೆ ಐತೆ."

"ಯಾವ ದೇವರ ಆಣೆ?"

"ಧರ್ಮಸ್ಥಳದ್ದು."

ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಹೊಡೆದರೆ ಬಾಯಿ ಬಿಡೋರು ಇದ್ದಾರೆ, ಕುಡಿಸಿದರೆ ಬಿಡೋರು ಇದ್ದಾರೆ. ಧರ್ಮಸ್ಥಳದ ಆಣೆ ಮಾಡಿದವನು ಬಿಡಲ್ಲ. ಆಣೆ ಹಾಕಿಸಿದವರೇ ಬಂದು ಬಿಡಿಸಬೇಕು.

"ಸಂಜೆ ಐದು ಗಂಟೆ," ಅಂದರು ಅಮ್ಮ. "ಅಷ್ಟರೊಳಗೆ ಹೇಳಲಿಲ್ಲ ಅಂದ್ರೆ ಲೈನ್ ಮನೆ ಖಾಲಿ. ಆಮೇಲೆ ಪೊಲೀಸು."

ಕಳ್ಳ ರೈಟರ್ ಅಂತ ಒಂದು ಎಸ್ಟೇಟಿಂದ ಹೊರಬಿದ್ದವನಿಗೆ ಇನ್ನೊಂದು ಎಸ್ಟೇಟಿನ ಗೇಟು ತೆಗೆಯಲ್ಲ ಸಾರ್. ಅದು ನಂಜುಂಡನಿಗೂ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಕಳ್ಳರನ್ನ ನಾನು ಬೇಕಾದಷ್ಟು ನೋಡಿದ್ದೀನಿ. ಯಾವ ಕಳ್ಳನೂ ಇಷ್ಟು ದಡ್ಡ ಇರಲ್ಲ.

ಎಸ್ಟೇಟಿನ ಕೆಲಸದವರಿಗೆ ಅಂತ ಸಾಲಾಗಿ ಕಟ್ಟಿಸಿದ ಲೈನ್ ಮನೆಗೆ ಹೋದೆ. ಅವನ ಹೆಂಡತಿ ಮಂಜುಶ್ರೀ ಪಾತ್ರೆಗಳನ್ನ ಗೋಣಿಚೀಲಕ್ಕೆ ತುಂಬುತ್ತಿದ್ದಳು.

"ನೀವೂ ಆಣೆ ಮಾಡಿದ್ದೀರಾ?"

"ಇಲ್ಲ ಅಣ್ಣ. ಆಣೆ ಮಾಡ್ಸುವಾಗ ನಾನು ಒಲೆ ಮುಂದೆ ಇದ್ದೆ. ಹಾಲು ಉಕ್ತಿತ್ತು."

"ಹಾಗಾದ್ರೆ ಹೇಳಿ."

ಅವಳು ಬಾಗಿಲು ಮುಂದೆ ಮಾಡಿದಳು. ಸಂತೆ ದಿನ ಮಧ್ಯಾಹ್ನ ಅವಳ ತಾಯಿ ಚೌಡಮ್ಮ ಕೆ. ಹೊಸಕೋಟೆಯಿಂದ ಬಂದಿದ್ದಳು. ಸಕಲೇಶಪುರದ ಬಸ್‌ಸ್ಟ್ಯಾಂಡಿಂದ ಅತ್ತೆಯನ್ನ ಬೈಕಲ್ಲಿ ಕರೆತರೋಕೆ ನಂಜುಂಡ ಹೋಗಿದ್ದ. ಆನೇಮಹಲ್ ತಿರುವಲ್ಲಿ ಬೋಳು ಟೈರ್ ಜಾರಿತು. ನಂಜುಂಡ ಬೈಕ್ ಸಂಭಾಳಿಸಿದ. ಅತ್ತೆಯನ್ನ ಸಂಭಾಳಿಸಲಿಲ್ಲ. ಎಸ್ಟೇಟ್ ಗೇಟಿನ ತನಕ ಅವಳ ಜೊತೆ ಮಾತಾಡಿಕೊಂಡೇ ಬಂದ. ಇಳೀರಿ ಅತ್ತೆ ಅಂತ ತಿರುಗಿ ನೋಡಿದರೆ... ಸೀಟು ಖಾಲಿ.

ಕಳವು ನಡೆದ ಹೊತ್ತಿಗೆ ಅವನು ರಸ್ತೆ ಪಕ್ಕದ ಚರಂಡಿಯಲ್ಲಿ ಅತ್ತೆಯನ್ನ ಹುಡುಕುತ್ತಿದ್ದ.

"ಇದನ್ನೇ ನೀವು ಅಮ್ಮನಿಗೆ ಹೇಳಿದ್ರೆ?"

"ಹೆಂಡ್ತಿ ಮಾತು ಯಾರು ನಂಬ್ತಾರಣ್ಣ? ನಮ್ಮವ್ವನೇ ಬರಬೇಕು. ಅವಳು ಬರಲ್ಲ."

ಕೆ. ಹೊಸಕೋಟೆಯಲ್ಲಿ ಯಾರ ಮನೆ ಜಗಳವಾದರೂ ತೀರ್ಪು ಕೊಡೋದು ಚೌಡಮ್ಮ. ಅಂಥವಳು ಚರಂಡಿಗೆ ಬಿದ್ದಳು ಅಂತ ಗೊತ್ತಾದರೆ ನಾಳೆಯಿಂದ ಅವಳ ಮಾತಿಗೆ ಮೂರು ಕಾಸಿನ ಬೆಲೆ ಇರಲ್ಲ. ನಾನು ಹೋದಾಗ ಜಗಲಿ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಒಂದೇ ಪಕ್ಕಕ್ಕೆ ಭಾರ ಹಾಕಿ.

"ಅವ್ವ, ನೀವು ಬೈಕಿಂದ ಬಿದ್ರಂತೆ."

"ಯಾರ್ ಬಿದ್ದಿದ್ದು?"

"ನೀವು. ಆನೇಮಹಲ್ ತಿರುವಲ್ಲಿ."

"ಬಿದ್ದಿಲ್ಲ. ಇಳ್ದೆ."

"ಓಡೋ ಬೈಕಿಂದಾನಾ?"

"ನಂಗೆ ಅಲ್ಲೇ ಇಳೀಬೇಕು ಅನ್ನುಸ್ತು."

"ನಿಮ್ಮ ಅಳಿಯ ಗೇಟಿನ ತನಕ ನಿಮ್ಮ ಹತ್ರ ಮಾತಾಡ್ಕೊಂಡೇ ಹೋದ್ನಂತೆ?"

ಚೌಡಮ್ಮನ ಕೈಯಲ್ಲಿದ್ದ ಅವರೆಕಾಯಿ ಪಟ್ ಅಂತ ಮುರಿಯಿತು. "ಅದೇ ಕಣಪ್ಪ ನಂಗೆ ಉರಿಯದು. ನನ್ ತೋಟದ ಮೂಲೆ ತುಂಡು ಅವನ ಹೆಸರಿಗೆ ಬರೀಬೇಕಂತೆ. ಕೇಳವ್ನೆ. ನಾನು ಚರಂಡಿಲಿ ಇವ್ನಿ. ಅತ್ತೆ ಸುಮ್ಕವ್ರೆ, ಒಪ್ಕಂಡ್ರು ಅಂತ ತಿಳ್ಕಂಡ್ಬುಟ್ಟವ್ನೆ."

ಪಕ್ಕದ ಮನೆ ಕಿಟಕಿಯಲ್ಲಿ ಏನೋ ಅಲುಗಾಡಿತು.

"ಆ ಮಾರಮ್ಮ ಕಿವಿ ಕೊಟ್ಕಂಡು ನಿಂತವ್ಳೆ. ಮೆಲ್ಲಗೆ ಮಾತಾಡು."

ಮೆಲ್ಲಗೆ ಹೇಳಿದೆ. ಟೈರಿನ ವಿಷಯ. ಐದು ಗಂಟೆ ವಿಷಯ. ಗೋಣಿಚೀಲಕ್ಕೆ ತುಂಬುತ್ತಿದ್ದ ಪಾತ್ರೆ ವಿಷಯ. ಚೌಡಮ್ಮ ಅವರೆಕಾಯಿ ಮೊರ ಪಕ್ಕಕ್ಕೆ ಸರಿಸಿದಳು.

"ನನ್ ಅಳಿಯನ್ನ ಕಳ್ಳ ಅಂದ್ರಾ?"

"ಅಂದ್ರು."

"ಅವನಿಗೆ ಎಮ್ಮೆ ಕದಿಯೋಕೆ ಕಳ್ಸುದ್ರೆ ಹಗ್ಗ ಮರ್ತ್ ಬರ್ತಾನೆ. ನಡಿ."

ಕೊಡೆ ತಗೊಂಡು ಹೊರಗೆ ಬಂದವಳು ನನ್ನ ಬೈಕಿನ ಹಿಂದಿನ ಚಕ್ರ ನೋಡಿ ನಿಂತಳು.

"ಇದ್ಯಾಕಪ್ಪ ಹಿಂಗೈತೆ?"

"ಮೇ ತಿಂಗಳಲ್ಲಿ ಹಾಕಿಸ್ತೀನಿ ಅವ್ವ."

"ಹಂಗಾದ್ರೆ ನಾನೂ ಮೇ ತಿಂಗಳಲ್ಲೇ ಬತ್ತೀನಿ ಬುಡು."

"ಬಸ್ಸಿಗೆ ಹೋಗೋಣ್ವಾ?"

"ಮುಂದಿನ ಬಸ್ಸು ಐದೂವರೆಗೆ."

ಆಕಾಶ ನೋಡಿದಳು. ಹನಿ ಶುರುವಾಗಿತ್ತು. ತನ್ನ ಸೊಂಟ ಮುಟ್ಟಿ ನೋಡಿಕೊಂಡಳು. ಆಮೇಲೆ ಕೊಡೆ ಕಂಕುಳಿಗೆ ಸಿಕ್ಕಿಸಿ, ಹತ್ತಿ ಕೂತು ಎರಡೂ ಕೈಯಲ್ಲಿ ನನ್ನ ಕತ್ತು ಹಿಡಿದಳು. ಪ್ರೀತಿಯಿಂದ ಅಲ್ಲ.

ಊರು ದಾಟಿ ಇಳಿಜಾರು ಶುರುವಾಗೋ ಕಡೆ ರಸ್ತೆಗೆ ಅಡ್ಡಲಾಗಿ ಬೈಕ್ ನಿಲ್ಲಿಸಿಕೊಂಡು ಸುನಿಲ್‌ಕುಮಾರ್ ಕಾಯುತ್ತಿದ್ದ.

"ಯೋಗೇಶಣ್ಣ, ಮುದುಕೀನ ಇಳ್ಸು."

"ಯಾಕೆ?"

"ಎಸ್ಟೇಟಲ್ಲಿ ನಮ್ಮತ್ತೆಗೆ ಬಿ.ಪಿ. ಐತೆ. ಸುಮ್ನೆ ಗಲಾಟೆ ಬೇಡ."

"ನಾನು ಇವರನ್ನ ಕರ್ಕೊಂಡು ಬರ್ತೀನಿ ಅಂತ ನಿನಗ್ಯಾರು ಹೇಳಿದ್ರು?"

ಅವನು ದೊಣ್ಣೆ ಎತ್ತಿಕೊಂಡ. ಲೈನ್ ಮನೆಯಿಂದ ನಾನು ಹೊರಟಿದ್ದನ್ನ ನೋಡಿ ಹಿಂದೆಯೇ ಬಂದಿದ್ದಾನೆ. ಸಾಕ್ಷಿ ಬಂದರೆ ನಂಜುಂಡ ಬಚಾವ್. ನಂಜುಂಡ ಬಚಾವಾದರೆ ಕಳ್ಳ ಬೇರೆ ಯಾರು ಅನ್ನೋ ಪ್ರಶ್ನೆ ಏಳುತ್ತೆ. ಉತ್ತರ ನನ್ನೆದುರಿಗೇ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಿಂತಿತ್ತು.

ಬೈಕಿಗೂ ಚರಂಡಿಗೂ ನಡುವೆ ಒಂದು ಗೇಣು ಜಾಗ. ಗೇರ್ ಹಾಕಿದೆ. ನುಗ್ಗಿಸಿದೆ.

ಸಿನಿಮಾದಲ್ಲಿ ಚೇಸ್ ಅಂದರೆ ನೂರರ ಮೇಲೆ ಸ್ಪೀಡು. ನಮ್ಮದು ಇಪ್ಪತ್ತು. ಅದಕ್ಕಿಂತ ಜಾಸ್ತಿ ಹೋದರೆ ನನ್ನ ಟೈರ್ ಕೇಳಲ್ಲ. ಸುನಿಲನದೂ ಬೋಳು, ಅವನೂ ಇಪ್ಪತ್ತು. ಸಣ್ಣ ಮಳೆ. ಇಳಿಜಾರು. ಜೀವ ಕೈಯಲ್ಲಿ ಹಿಡಿದು ಇಬ್ಬರೂ ಮದುವೆ ದಿಬ್ಬಣದ ಹಾಗೆ ಹೋಗುತ್ತಿದ್ದೆವು.

ಹಾಲಿನ ಕ್ಯಾನ್ ಕಟ್ಟಿಕೊಂಡ ಗುಂಡಯ್ಯ ಸೈಕಲ್ಲಲ್ಲಿ ನಮ್ಮಿಬ್ಬರನ್ನೂ ಓವರ್‌ಟೇಕ್ ಮಾಡಿದ.

"ಏನ್ ಯೋಗೇಶಣ್ಣ, ಮೆರವಣಿಗೆನಾ?"

"ಅಟ್ಟಿಸ್ಕೊಂಡು ಬರ್ತಾವ್ನೆ ಮಾರಾಯ."

ಗುಂಡಯ್ಯ ಹಿಂದೆ ತಿರುಗಿ ನೋಡಿದ. "ಯಾರು?"

ಆಮೇಲೇ ಬಂದಿದ್ದು ದಿಮ್ಮಿ ಲಾರಿ. ಅದರಿಂದ ಹೇಗೋ ತಪ್ಪಿಸಿಕೊಂಡು ಬೈಕ್ ನೆಟ್ಟಗೆ ಮಾಡುವಷ್ಟರಲ್ಲಿ ಸುನಿಲ ಪಕ್ಕಕ್ಕೇ ಬಂದುಬಿಟ್ಟ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ದೊಣ್ಣೆ.

"ನಿಲ್ಸು ಅಂದ್ರೆ ನಿಲ್ಸು!"

"ನಿಲ್ಲಿಸೋಕಾದ್ರೆ ಆಗಲೇ ನಿಲ್ಲಿಸ್ತಿದ್ದೆ ಕಣೋ."

ದೊಣ್ಣೆ ಎತ್ತಿದ. ಚೌಡಮ್ಮ ನನ್ನ ಕತ್ತಿನಿಂದ ಒಂದು ಕೈ ತೆಗೆದಳು. ಪುಸಕ್ ಅಂತ ಒಂದು ಸದ್ದು... ಅವನ ಮುಖದ ಮುಂದೆ ಕೊಡೆ ಬಿಚ್ಚಿಕೊಂಡಿತು.

ಸುನಿಲ ಹೆದರಿ ಬ್ರೇಕ್ ಒತ್ತಿದ. ಬೋಳು ಟೈರಿಗೆ ಬ್ರೇಕ್ ಒತ್ತೋದೂ ಒಂದೇ, ಹರಕೆ ಹೊರೋದೂ ಒಂದೇ. ಫಲ ಮೇಲಿನವನ ಕೈಯಲ್ಲಿ. ಅವನ ಬೈಕ್ ಒಂದು ಸುತ್ತು ತಿರುಗಿತು. ನಿಧಾನವಾಗಿ, ಬಹಳ ಮರ್ಯಾದೆಯಿಂದ, ರಸ್ತೆ ಬಿಟ್ಟು ಗದ್ದೆಗೆ ಇಳಿಯಿತು.

"ಬಿದ್ನಾ?" ಅಂದಳು ಚೌಡಮ್ಮ.

"ಇಳಿದ."

ನಾವು ಎಸ್ಟೇಟ್ ಮುಟ್ಟಿದಾಗ ಐದಾಗೋಕೆ ಸ್ವಲ್ಪ ಬಾಕಿ ಇತ್ತು. ಲೈನ್ ಮುಂದೆ ನಂಜುಂಡನ ಟ್ರಂಕು, ಹಾಸಿಗೆ, ಗೋಣಿಚೀಲ. ಆಳುಗಳೆಲ್ಲ ಕಣದಲ್ಲಿ ನಿಂತಿದ್ದರು. ಅಮ್ಮ ಕುರ್ಚಿಯಿಂದ ಎದ್ದಿರಲಿಲ್ಲ.

ಚೌಡಮ್ಮ ಅವರ ಹತ್ತಿರ ಹೋಗಿ ಪಿಸುಗುಟ್ಟಿದಳು.

"ಜೋರಾಗಿ ಹೇಳಮ್ಮ, ನಂಗೆ ಈ ಕಿವಿ ಮಂದ," ಅಂದರು ಅಮ್ಮ.

ಚೌಡಮ್ಮ ಸುತ್ತ ಒಂದು ಸಲ ನೋಡಿದಳು. ಆಳುಗಳನ್ನ ನೋಡಿದಳು. ಅಳಿಯನ್ನ ನೋಡಿದಳು. ಅವನು ಟ್ರಂಕಿನ ಮೇಲೆ ಕೂತು ನೆಲ ನೋಡುತ್ತಿದ್ದ.

"ನಾನ್ ಬಿದ್ದೆ!" ಅಂದಳು. ಕಣಕ್ಕೆಲ್ಲ ಕೇಳೋ ಹಾಗೆ. "ಇವನ ಬೈಕಿಂದ ಚರಂಡಿಗೆ ಬಿದ್ದೆ. ಯಾರಿಗೂ ಹೇಳಬ್ಯಾಡ ಅಂತ ನಾನೇ ಆಣೆ ಹಾಕ್ಸಿದ್ದು. ಮಾರನೇ ದಿನ ನಾನೇ ಅಂಗ್ಡಿಲಿ ನಿಂತು ಟೈರ್ ಬದಲಾಯ್ಸಿದ್ದು. ನನ್ ಮಗಳೂ ಇದೇ ಬೈಕಲ್ಲಿ ಕೂರಬೇಕಲ್ಲ."

ಯಾರೋ ಕಿಸಕ್ಕನೆ ನಕ್ಕರು. ಅಮ್ಮ ನಗಲಿಲ್ಲ.

"ಅಳಿಯನ್ನ ಉಳ್ಸೋಕೆ ಹೇಳ್ತಿರಬೋದು. ಬಿದ್ದಿದ್ದಕ್ಕೆ ಏನ್ ಗುರುತೈತೆ?"

"ಒಳಕ್ಕೆ ಬನ್ನಿ, ತೋರುಸ್ತೀನಿ."

ಇಬ್ಬರೂ ಒಳಗೆ ಹೋದರು. ಬಾಗಿಲು ಹಾಕಿಕೊಂಡರು. ಒಳಗಿಂದ ಅಮ್ಮನ ದನಿ ಕೇಳಿಸಿತು. "ಅಯ್ಯಯ್ಯಪ್ಪ... ಇದಕ್ಕೆ ಏನೂ ಹಚ್ಚಲಿಲ್ವೇನಮ್ಮ?"

ಹೊರಗೆ ಬಂದರು. ಅಮ್ಮನ ಮುಖ ಬದಲಾಗಿತ್ತು.

"ನಂಜುಂಡ, ಸಾಮಾನು ಒಳಗಿಡು."

ಅಷ್ಟರಲ್ಲಿ ಬೈಕ್ ತಳ್ಳಿಕೊಂಡು ಸುನಿಲ್‌ಕುಮಾರ್ ಬಂದ. ಅಡಿಯಿಂದ ಮುಡಿಯ ತನಕ ಕೆಸರು. ಕೂಲಿಂಗ್ ಗ್ಲಾಸ್ ಒಂದು ಕಣ್ಣಿಗೆ ಮಾತ್ರ ಉಳಿದಿತ್ತು.

"ದೊಣ್ಣೆ ಹಿಡ್ಕಂಡು ನನ್ನ ಅಟ್ಟಿಸ್ಕಂಡು ಬಂದಿದ್ದು ಇವನೇ. ಯಾಕೆ ಅಂತ ಕೇಳಿ," ಅಂದಳು ಚೌಡಮ್ಮ.

ಅಮ್ಮ ಅವನ ಕಡೆ ತಿರುಗಿದರು. "ನಂಜುಂಡ ಕಳ್ಳ ಅಲ್ಲ ಅಂತಾದ್ರೆ ನಿಂಗೇನೋ ನಷ್ಟ?"

ಅವನು ಉಳಿದ ಒಂದು ಗ್ಲಾಸಿನ ಕೆಸರು ಒರೆಸತೊಡಗಿದ.

"ಮೂಟೆ ಬಚ್ಚಿಡೋಕೆ ನಾನು ಕಾಲಿಡದ ಜಾಗ ಅಂದ್ರೆ ಪಂಪ್‌ಹೌಸ್ ಒಂದೇ. ಅದರ ಬೀಗದ ಕೈ ನಿನ್ನ ಹತ್ರ ತಾನೇ ಇರೋದು? ಕೊಡಿಲ್ಲಿ."

ಮೂಟೆಗಳೆಲ್ಲ ಅಲ್ಲೇ ಇದ್ದವು. ಪೊಲೀಸರು ಬರಲಿಲ್ಲ... ಮನೆತನದ ಮರ್ಯಾದೆ. ಆದರೆ ಮಾರನೇ ದಿನದಿಂದ ಸುನಿಲ್‌ಕುಮಾರ್ ಕಣದಲ್ಲಿ ಕಾಫಿ ಕೆದಕೋ ಕೆಲಸಕ್ಕೆ ನಿಂತ. ನಂಜುಂಡನ ಕೈಕೆಳಗೆ. ಜೈಲಾಗಿದ್ದರೆ ಕೂರೋಕಾದರೂ ಸಿಗುತ್ತಿತ್ತು.

ಟ್ರಂಕ್ ಒಳಗಿಟ್ಟು ನಂಜುಂಡ ಅತ್ತೆಯ ಕಾಲಿಗೆ ಬೀಳೋಕೆ ಬಂದ. ಅವಳು ಹಿಂದೆ ಸರಿದಳು.

"ಸಾಕು ಬುಡು. ನಮ್ಮ ಸಂಸಾರದಲ್ಲಿ ಬಿದ್ದಿದ್ದೇ ಜಾಸ್ತಿಯಾಯ್ತು. ಆ ತೋಟದ ತುಂಡಿನ ವಿಷ್ಯ ಈಗ ಎದುರಿಗೆ ಕೂತು ಕೇಳು. ನಾನೂ ಎದುರಿಗೆ ಇಲ್ಲ ಅಂತೀನಿ."

ನನ್ನ ಫೀಸಾ ಸಾರ್? ಅಮ್ಮ ಒಂದು ಹೊಸ ಟೈರ್ ಕೊಡಿಸಿದರು. ಒಳ್ಳೇ ಕಂಪನಿದು. ಕವರ್ ಸಮೇತ ಅಟ್ಟದ ಮೇಲೆ ಇಟ್ಟಿದ್ದೀನಿ. ನೀವು ಕೇಳಿದ್ದು ಸರಿ, ಈಗಲೇ ಹಾಕಿಸಬಹುದು. ಆದರೆ ಇನ್ನೂ ಮಾರ್ಚ್. ಹಾಕಿಸಿದ ದಿನವೇ ಊರಲ್ಲಿ ಯಾರ ಕೋಳಿ ಕಳೆದರೂ ಎಲ್ಲರೂ ನನ್ನ ಬೈಕ್ ನೋಡೋಕೆ ಬರ್ತಾರೆ. ಮೇ ಕೊನೆಗೆ ಹಾಕಿಸ್ತೀನಿ.

ಅಲ್ಲೀವರೆಗೆ ಟೈರಿಗಂತೂ ಏನೂ ಆಗಲ್ಲ... ನನ್ನ ವಿಷಯ ಹೇಳೋಕಾಗಲ್ಲ.