ದಿಬ್ಬದ ದಾರಿಯಲ್ಲಿ ನಿಂತು ಹೋದವರು

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷವಿತ್ತು. ದಿಬ್ಬದ ದಾರಿಯ ಮೂರನೇ ತಿರುವಿನಲ್ಲಿ ಒಂದು ಕೆಂಪು ಉಣ್ಣೆ ಟೋಪಿ ಬಿದ್ದಿತ್ತು. ಇನೆಜ್ ಟಾಲಿವರ್ ತನ್ನ ಹಿಮಗಾಡಿ ನಿಲ್ಲಿಸಿ ಎತ್ತಿಕೊಳ್ಳಲು ಬಾಗಿದಳು. ಟೋಪಿಯ ಆಚೆ ಒಂದು ಕೈ ಕಂಡಿತು.

ಹೆಸ್ಟರ್ ಲುಂಡ್. ಎಪ್ಪತ್ನಾಲ್ಕು ವರ್ಷ. ಕೆಟಲ್ ಕಣಿವೆಯ ಅರ್ಧ ಜನಕ್ಕೆ ಓದು ಕಲಿಸಿದ ಟೀಚರ್. ದಿನವೂ ಬೆಳಿಗ್ಗೆ ಒಬ್ಬರೇ ಸ್ಕೀ ಹಾಕಿಕೊಂಡು ಈ ದಾರಿ ಹತ್ತುತ್ತಿದ್ದರು. ಈಗ ಸೊಂಟದ ಮೂಳೆ ಮುರಿದು, ಹೆಚ್ಚುಕಡಿಮೆ ಒಂದು ಗಂಟೆಯಿಂದ ಹಿಮದಲ್ಲೇ ಬಿದ್ದಿದ್ದರು. ತುಟಿ ನೀಲಿಗಟ್ಟಿತ್ತು. ಪ್ರಜ್ಞೆ ಇತ್ತು.

"ನಾಯಿ," ಎಂದರು. "ಮೇಲಿಂದ ಬಂತು. ಕಪ್ಪೋ, ಕಂದೋ — ಕನ್ನಡಕ ಮಂಜುಗಟ್ಟಿತ್ತು. ಹಗ್ಗ ಕಾಲಿಗೆ ಹೊಡೀತು."

"ಹಿಂದೆ ಯಾರಿದ್ರು ಟೀಚರ್?"

"ನೋಡ್ಲಿಲ್ಲ. ಮುಖ ಹಿಮದಲ್ಲಿ ಹೂತು ಹೋಗಿತ್ತು." ಸ್ವಲ್ಪ ಹೊತ್ತು ಉಸಿರೆಳೆದುಕೊಂಡರು. "ಆದ್ರೆ ಇನೆಜ್ — ಸ್ಕೀ ನಿಂತ ಸದ್ದು ಕೇಳಿಸ್ತು. ನಿಂತಿದ್ರು. ನಾನು ಕೂಗಿದೆ. ಆಮೇಲೆ ಹೋದ್ರು."

ಅವರನ್ನು ಸ್ಲೆಡ್ ಎಂಬ ಜಾರುಬಂಡಿಯ ಮೇಲೆ ಮಲಗಿಸಿ ಇಳಿಸಿದಾಗ ಆ ದಾರಿಯ ಗುರುತುಗಳೆಲ್ಲ ಅಳಿಸಿಹೋದವು. ಉಳಿದದ್ದನ್ನು ಮಧ್ಯಾಹ್ನದ ಹಿಮ ಮುಚ್ಚಿತು.

ಸೊಂಟದ ಪಟ್ಟಿಗೆ ಹಗ್ಗ ಬಿಗಿದು, ಸಾಕುನಾಯಿ ಮುಂದೆ ಎಳೆಯುತ್ತಿದ್ದರೆ ಸ್ಕೀ ಮೇಲೆ ಹಿಂದೆ ಜಾರುತ್ತ ಹೋಗುವವರು ಆ ಕಣಿವೆಯಲ್ಲಿ ಮೂವತ್ತು ಮಂದಿಯಾದರೂ ಇದ್ದರು. ಅವರಿಗೆ ಹೊಳೆ ದಾರಿ. ದಿಬ್ಬದ ದಾರಿಗೆ ನಾಯಿ ಕಾಲಿಡಕೂಡದು ಎಂಬ ಮಾತಿನ ಮೇಲೇ ಊರಿನವರು ಹೊಳೆ ದಾರಿ ಬಿಟ್ಟುಕೊಟ್ಟಿದ್ದರು. ಎರಡೂ ದಾರಿ ಒಂದೇ ಕಡೆ, ಸ್ಕೀ ಕೊಠಡಿಯ ಹಿಂದಿನಿಂದ ಹೊರಟು, ಮೂರು ಮೈಲಿ ಮೇಲೆ ಕಲ್ಲಿನ ಗುಡಿಸಲ ಬಳಿ ಸೇರುತ್ತವೆ. ನಡುವೆ ಎಲ್ಲೂ ಕೂಡುವುದಿಲ್ಲ.

ಆ ಬೆಳಿಗ್ಗೆ ನಾಯಿ ತಂದವರ ಪಟ್ಟಿಯಲ್ಲಿ ಮೂರೇ ಹೆಸರಿದ್ದವು.

ಮೂರನೆಯ ದಿನ, ಗುರುವಾರ, ಆ ಮೂವರೂ ಸ್ಕೀ ಕೊಠಡಿಯಲ್ಲಿ ಕೂತಿದ್ದರು. ವಿಲ್ಲಾ ಕ್ರಾಂಟ್ಸ್ ಗೋಡೆಯ ಪಕ್ಕದ ಬೆಂಚಿನ ತುದಿಯಲ್ಲಿದ್ದಳು. ಪೇಟೆಯ ಮೋಟೆಲಿನಲ್ಲಿ ಬಟ್ಟೆ ಒಗೆಯುವ ಕೆಲಸ ಅವಳದು. ಬೆಂಚಿನ ಕೆಳಗೆ, ಅವಳ ಬೂಟಿನ ಮೇಲೆ ಗಲ್ಲ ಊರಿಕೊಂಡು, ಬಟನ್ ಮಲಗಿತ್ತು. ಕರೀ ನಾಯಿ. ಅನಾಥ ನಾಯಿಗಳ ಆಶ್ರಯದಿಂದ ತಂದದ್ದು. ಅವಳ ಕೈಗೆ ಬರುವ ಮೊದಲು ಯಾರನ್ನೋ ಕಚ್ಚಿತ್ತೆಂದು ಅದರ ಕಾಗದದಲ್ಲಿ ಬರೆದಿತ್ತು.

ಆ ಒಂದು ಸಾಲೇ ಸಾಕಾಗಿತ್ತು. ಹಿಮದಿಂದ ಮುಚ್ಚಿದ್ದ ಘಟ್ಟದ ರಸ್ತೆ ಶುಕ್ರವಾರ ತೆರೆಯುತ್ತದೆ. ಹತ್ತು ಗಂಟೆಗೆ ಪ್ರಾಣಿ ಅಧಿಕಾರಿ ಬರುತ್ತಾನೆ. ತಪ್ಪು ಬಟನ್‌ನದು ಎಂದಾದರೆ ಕರೆದುಕೊಂಡು ಹೋಗುತ್ತಾನೆ. ಎರಡನೇ ಸಲ ಹೆಸರು ಕೆಟ್ಟ ನಾಯಿಯನ್ನು ಯಾರೂ ವಾಪಸು ಕೊಡುವುದಿಲ್ಲ, ಸೂಜಿ ಚುಚ್ಚಿ ಕೊಲ್ಲುತ್ತಾರೆ. ವಿಲ್ಲಾ ಎರಡು ರಾತ್ರಿಯಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಇನೆಜ್ ಒಲೆಗೆ ಕಟ್ಟಿಗೆ ಹಾಕಿ ತಿರುಗಿದಳು. ಇಪ್ಪತ್ತು ವರ್ಷ ಶೆರಿಫನ ಪೊಲೀಸ್ ಕಚೇರಿಯಲ್ಲಿದ್ದವಳು ಈಗ ದಿನಾ ನಸುಕಿನಲ್ಲಿ ದಾರಿಯ ಹಿಮ ಹದ ಮಾಡುತ್ತಿದ್ದಳು. ರಸ್ತೆ ತೆರೆಯುವ ತನಕ ಹೇಳಿಕೆ ತೆಗೆದಿಡು ಎಂದು ಶೆರಿಫ್ ಫೋನಿನಲ್ಲಿ ಅವಳಿಗೇ ಒಪ್ಪಿಸಿದ್ದ.

"ಕೊರಿನ್, ಮೊದಲು ನೀನು ಹೇಳು."

"ನನ್ನನ್ನೇನು ಕೇಳ್ತೀಯ?" ಕೊರಿನ್ ಆಲ್ಡಸ್ ಟಿಕೆಟ್ಟು, ಸೂಪು ಮಾರುವವಳು. "ಎಂಟಕ್ಕೆ ಬಂದೆ. ಇಲ್ಲೇ ಮೈದಾನದಲ್ಲಿ ಮಕ್ಕಳನ್ನ ಸ್ಲೆಡ್ಡಲ್ಲಿ ಕೂರಿಸಿ ಸುತ್ತಿಸ್ತಿದ್ದೆ. ನನ್ನ ನಾಯಿ ನೋಡಿದ್ದೀಯಲ್ಲ? ಹಾಲಿನ ಹಾಗೆ ಬಿಳಿ. ಅದೂ ಅಲ್ಲದೆ, ದಿಬ್ಬ ಹತ್ತು ಅಂದ್ರೆ ಅಲ್ಲೇ ಮಲಗಿಬಿಡುತ್ತೆ, ನನ್ನ ಗಂಡನ ಥರ."

"ಯಾರು ಯಾವಾಗ ಹೋದ್ರು?"

"ಎಂಟೂಕಾಲಿಗೆ ಗಾರ್ತ್ ಕಾರು ಹೊರಟಿತು. ಎಂಟೂ ಮೂವತ್ತೈದಕ್ಕೆ ಇವಳದ್ದು. ಯಾವ ದಾರೀಲಿ ಇಳಿದ್ರೋ ಕಾಣಲಿಲ್ಲ. ಎರಡೂ ಈ ಕೊಠಡಿ ಹಿಂದೆ ಅಲ್ವಾ." ಬೆಂಚಿನ ಕೆಳಗೆ ಕಣ್ಣು ಹಾಯಿಸಿ ದನಿ ತಗ್ಗಿಸಿದಳು. "ನನಗೆ ಯಾರ ಮೇಲೂ ಹಗೆ ಇಲ್ಲಮ್ಮ. ಆದ್ರೆ ಆ ನಾಯಿಗೆ ಮೊದಲೇ ಒಂದು ಹೆಸರಿದೆ."

ಬಟನ್ ಇನ್ನಷ್ಟು ಒಳಕ್ಕೆ ಸರಿಯಿತು. ಹೊಸಬರು ಕಂಡರೆ ವಿಲ್ಲಾಳ ಹಿಂದೆ ಅಡಗುವುದಷ್ಟೇ ಅದಕ್ಕೆ ಗೊತ್ತಿದ್ದದ್ದು. ಆದರೆ ಅದನ್ನು ಹೇಳುವುದು ಹೇಗೆ? ಹೇಳಿದರೆ ಯಾರು ನಂಬುತ್ತಾರೆ?

"ಅಧ್ಯಕ್ಷರೇ, ನೀವು?"

ಗಾರ್ತ್ ಪೆನ್ರೋಸ್ ನಾಯಿ ಸ್ಕೀ ಸಂಘದ ಅಧ್ಯಕ್ಷ. ಹೊಳೆ ದಾರಿಗಾಗಿ ಹತ್ತು ವರ್ಷ ಅರ್ಜಿ ಹಿಡಿದು ತಿರುಗಿದವನು. ಅವನ ನಾಯಿ ಮರ್ಸರ್ ಗಾಢ ಕಂದು ಬಣ್ಣದ್ದು, ಬಾಣದಂತೆ ಓಡುವಂಥದ್ದು. ಅವನ ತಲೆಯ ಮೇಲೆ, ಗೋಡೆಯ ಮೊಳೆಗಳಲ್ಲಿ, ನಾಯಿಯ ಹೇಲು ಕಟ್ಟುವ ಚೀಲಗಳ ಸುರುಳಿಗಳು ನೇತಾಡುತ್ತಿದ್ದವು. ಸದಸ್ಯರಿಗೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಪಕ್ಕದಲ್ಲಿ ಗಾರ್ತ್‌ನ ದುಂಡಗಿನ ಅಕ್ಷರದಲ್ಲೇ ಬರೆದ ನಿಯಮಗಳು.

"ಏಳೂ ಹತ್ತಕ್ಕೆ ಹೊರಟೆ. ಹೊಳೆ ದಾರೀಲಿ ಗುಡಿಸಲ ತನಕ ಹೋದೆ, ಅದೇ ದಾರೀಲಿ ಇಳಿದು ಬಂದೆ. ಎಂಟೂಕಾಲಿಗೆ ಕಾರಲ್ಲಿದ್ದೆ."

"ದಾರೀಲಿ ಯಾರು ಸಿಕ್ಕಿದ್ರು?"

"ಯಾರೂ ಇಲ್ಲ." ಗಾರ್ತ್ ವಿಲ್ಲಾಳ ಕಡೆ ನೋಡಲಿಲ್ಲ. "ಹೇಳಕ್ಕೆ ಬೇಜಾರು. ಏಳೂ ಮೂವತ್ತೈದಕ್ಕೆ ಹೊಳೆ ದಾರಿ ಹತ್ತಿದೆ ಅಂತ ಅವಳು ಪಟ್ಟೀಲಿ ಬರೆದಿದ್ದಾಳೆ. ಹಾಗಿದ್ರೆ ನಾನು ಇಳಿಯುವಾಗ ಎದುರು ಸಿಗಬೇಕಿತ್ತು. ಸಿಗಲಿಲ್ಲ. ಹಾಗಾದ್ರೆ ಎಲ್ಲಿದ್ದಳು?"

"ವಿಲ್ಲಾ?"

"ಹೊಳೆ ದಾರೀಲೇ ಇದ್ದೆ. ಸೇತುವೆ ತನಕ ಹೋಗಿ ತಿರುಗಿದೆ. ನನಗೂ ಯಾರೂ ಸಿಗಲಿಲ್ಲ."

"ಅಂದ್ರೆ ಇಬ್ಬರಲ್ಲಿ ಒಬ್ಬರು ಸುಳ್ಳು," ಎಂದಳು ಕೊರಿನ್. ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳಿಸಿತು.

ಇನೆಜ್ ವಿಲ್ಲಾಳ ಎದುರು ಕುರ್ಚಿ ಎಳೆದುಕೊಂಡು ಕೂತಳು. "ಅವಸರ ಇಲ್ಲ ಮಗಳೇ. ಹೋಗುವಾಗ ಏನೇನು ನೋಡಿದೆ, ಒಂದೊಂದಾಗಿ ಹೇಳು. ಸಣ್ಣದಾದ್ರೂ ಸರಿ."

"ಮೊಲದ ಹೆಜ್ಜೆ ಇತ್ತು... ಬೇಲಿ ಹತ್ರ. ಎರಡನೇ ತಿರುವಿನ ದೊಡ್ಡ ಫರ್ ಮರದಲ್ಲಿ ಒಂದು ಚೀಲ ಕಟ್ಟಿತ್ತು. ಸೇತುವೆ ಕೆಳಗೆ ಹೊಳೆ ಪೂರಾ ಹೆಪ್ಪುಗಟ್ಟಿರಲಿಲ್ಲ, ಸದ್ದು ಬರ್ತಿತ್ತು."

"ಬರುವಾಗ?"

"ಅದೇ. ಅದೇ ಮೊಲ, ಅದೇ ಮರ, ಅದೇ ಚೀಲ. ಹೊಸದೇನೂ ಇಲ್ಲ." ನಾಚಿಕೆಯಾಯಿತು. ಒಂದು ಜೀವ ಉಳಿಸಿಕೊಳ್ಳಬೇಕಾದ ಹೊತ್ತಿನಲ್ಲಿ ಮೊಲದ ಹೆಜ್ಜೆ ಎಣಿಸುತ್ತಿದ್ದೇನಲ್ಲ! "ಇದೆಲ್ಲ ಹೇಳೋ ವಿಷಯ ಅಲ್ಲ ಅಲ್ವಾ?"

ಇನೆಜ್ ಒಲೆಯ ಬಾಗಿಲು ಮುಚ್ಚಿದಳು. ಗೋಡೆಯಲ್ಲಿದ್ದ ಬೀಗದ ಕೈ ತೆಗೆದುಕೊಂಡಳು.

"ಎಲ್ಲರೂ ಬೂಟು ಬಿಗಿದುಕೊಳ್ಳಿ. ಸ್ವಲ್ಪ ನಡೆಯೋಣ."

ಹೊಳೆ ದಾರಿಯ ಗೇಟಿಗೆ ಮಂಗಳವಾರದಿಂದ ಬೀಗ ಬಿದ್ದಿತ್ತು. ಆಮೇಲೆ ಬಿದ್ದ ಹಿಮ ಮೊಣಕಾಲುದ್ದ ನಿಂತಿತ್ತು. ಒಂದೂ ಹೆಜ್ಜೆಯಿಲ್ಲ. ಇನೆಜ್ ಮುಂದೆ ದಾರಿ ತುಳಿದಳು. ಹಿಂದೆ ಕೊರಿನ್, ಗಾರ್ತ್. ಕೊನೆಯಲ್ಲಿ ವಿಲ್ಲಾ, ಅವಳ ಕಾಲಿಗೆ ಅಂಟಿಕೊಂಡೇ ಬಟನ್. ಈ ದಾರಿ ಇಷ್ಟು ಸುಮ್ಮನಿದ್ದುದನ್ನು ವಿಲ್ಲಾ ಕಂಡಿರಲಿಲ್ಲ. ಹಗ್ಗ ಬಿಗಿಯಾಗುವ ಆ ಮೊದಲ ಕ್ಷಣ ನೆನಪಾಯಿತು — ಬಟನ್ ಒಮ್ಮೆ ತಿರುಗಿ ಅವಳನ್ನು ನೋಡಿ, ನೀನಿದ್ದೀಯಲ್ಲ ಎಂದು ಖಾತ್ರಿ ಮಾಡಿಕೊಂಡು ಎಳೆಯುವುದು. ಇನ್ನೊಂದು ಸಲ ಸಿಗುತ್ತದೋ ಇಲ್ಲವೋ.

ಎರಡನೇ ತಿರುವಿನಲ್ಲಿ ಇನೆಜ್ ನಿಂತಳು.

"ಕೊರಿನ್, ಇಲ್ಲಿ ಏನು ಕಾಣ್ತಿದೆ?"

"ಏನು ಕಾಣ್ಬೇಕು? ಮರ. ಹಿಮ. ನಡೆಸಿ ನಡೆಸಿ ನನ್ನ ಕಾಲು ಬಿದ್ದುಹೋಯ್ತು ಅನ್ನೋದು ಕಾಣ್ತಿದೆ."

"ಸರಿಯಾಗಿ ನೋಡು."

"ನೋಡ್ದೆ ಕಣೇ! ಬರೀ — ಥೂ, ಅದಾ? ಅದನ್ನ ಯಾರಾದ್ರೂ ನೋಡ್ತಾರಾ?"

"ಅದೇ ವಿಷಯ. ಅದನ್ನ ಯಾರೂ ನೋಡಲ್ಲ. ಕಣ್ಣು ತಾನಾಗಿ ಆಚೆ ಹೋಗುತ್ತೆ."

ಫರ್ ಮರದ ತಗ್ಗು ಕೊಂಬೆಯಲ್ಲಿ, ತಲೆಯ ಮೇಲೆ ಬಿಳಿ ಹಿಮದ ಟೋಪಿ ಹೊತ್ತು, ಒಂದು ಕಿತ್ತಳೆ ಬಣ್ಣದ ಚೀಲ ನೇತಾಡುತ್ತಿತ್ತು.

"ಓಡಕ್ಕೆ ಶುರುಮಾಡಿ ಹತ್ತು ನಿಮಿಷಕ್ಕೆ ಎಲ್ಲಾ ನಾಯಿಗೂ ಹೊಟ್ಟೆ ಖಾಲಿಯಾಗ್ಬೇಕು," ಎಂದಳು ಇನೆಜ್. "ಅದನ್ನ ಹೊತ್ತುಕೊಂಡು ಗುಡಿಸಲ ತನಕ ಯಾರು ಹೋಗ್ತಾರೆ? ಚೀಲಕ್ಕೆ ಹಾಕಿ ಕೊಂಬೆಗೆ ಕಟ್ತೀವಿ. ವಾಪಸ್ ಬರುವಾಗ ಬಿಚ್ಕೋತೀವಿ. ಬಿಟ್ಟುಹೋದವರು ಸಿಕ್ಕಿಬೀಳಲಿ ಅಂತ ಒಬ್ಬೊಬ್ಬರಿಗೆ ಒಂದು ಬಣ್ಣ ಕೊಟ್ಟದ್ದು ಯಾರು, ಅಧ್ಯಕ್ಷರೇ?"

ಗಾರ್ತ್ ಕೈಗವಸು ಸರಿಮಾಡಿಕೊಂಡ.

"ಕಿತ್ತಳೆ ಯಾರ ಬಣ್ಣ?"

"ನನ್ನದು. ಮರೆತೆ. ಮನುಷ್ಯನಿಗೆ ಮರೆವು ಬರಲ್ವಾ?"

"ಮಂಗಳವಾರ ನಸುಕಿನಲ್ಲಿ ನಾನು ಇಲ್ಲಿ ಗಾಡಿ ಓಡಿಸಿದೆ. ಚೀಲ ಇರಲಿಲ್ಲ. ಒಂಬತ್ತೂವರೆಗೆ ಗೇಟಿಗೆ ಬೀಗ ಹಾಕಿದೆ. ಅಷ್ಟರೊಳಗೆ ಕಟ್ಟಿದ್ದು. ಹೋಗುವಾಗ ಈ ದಾರೀಲಿ ಹೋದಿರಿ — ಒಪ್ಪಿದೆ. ಬರುವಾಗ ಈ ಮರದ ಪಕ್ಕದಲ್ಲೇ ಹಾದು ಬಂದಿರಾ? ಹೋದ ವರ್ಷ ನನ್ನ ನಾಯಿಯದೊಂದು ಚೀಲ ಬಿಟ್ಟೆ ಅಂತ ಸಭೇಲಿ ನನ್ನನ್ನ ಎದ್ದು ನಿಲ್ಲಿಸಿದವರು ನೀವು. ನೀವು ಮರೆತಿರಾ?"

"ಮರೆತೆ ಅಂದೆನಲ್ಲ!"

"ಮರೆತಿದ್ದು ಯಾವಾಗ ನೆನಪಾಯ್ತು? ಮಂಗಳವಾರ ಸಂಜೆ ಈ ಗೇಟಿನ ಬೀಗದ ಕೈ ಕೇಳಿದಿರಿ. ನಿನ್ನೆ ಮತ್ತೆ ಕೇಳಿದಿರಿ. ದಾರಿಯ ಫಲಕ ಸರಿ ಮಾಡ್ಬೇಕು ಅಂದಿರಿ. ಚೀಲದ ಮಾತು ಎತ್ತಲಿಲ್ಲ. ಯಾಕೆ?"

ಕೊಂಬೆಯೊಂದರಿಂದ ಹಿಮ ಜಾರಿ ಬಿತ್ತು. ಬಟನ್ ಬೆಚ್ಚಿ ವಿಲ್ಲಾಳ ಹಿಂದೆ ಸರಿಯಿತು.

"ಗುಡಿಸಲಿಂದ ಇಳಿಯಕ್ಕೆ ಎರಡೇ ದಾರಿ," ಇನೆಜ್ ನಿಧಾನವಾಗಿ ಹೇಳಿದಳು. "ಇದರಲ್ಲಿ ನೀವು ಇಳಿದಿಲ್ಲ. ಅದಕ್ಕೇ ವಿಲ್ಲಾಗೆ ನೀವು ಸಿಗಲಿಲ್ಲ, ನಿಮಗೆ ಅವಳು ಸಿಗಲಿಲ್ಲ. ನೀವು ದಿಬ್ಬದ ದಾರೀಲಿದ್ರಿ ಗಾರ್ತ್. ಟೀಚರ್ ಕೂಗಿದಾಗ ನಿಂತಿದ್ದು ನೀವು."

ಗಾರ್ತ್ ಟೋಪಿ ತೆಗೆದ. ಬೆವೆತ ತಲೆಯಿಂದ ಹಬೆ ಏಳುತ್ತಿತ್ತು.

"ಮೇಲಿಂದ ನೋಡಿದ್ರೆ ದಾರಿ ಅಷ್ಟು ಚೆನ್ನಾಗಿ ಹದವಾಗಿತ್ತು. ಒಂದು ಸಲ, ಒಂದೇ ಸಲ ಇಳಿದುಬಿಡೋಣ ಅಂದ್ಕೊಂಡೆ." ದನಿ ಒಡೆದಿತ್ತು. "ಟೀಚರ್ ಬಿದ್ದರು. ನಿಂತೆ. ನಿಂತಾಗ ತಲೇಲಿ ಬಂದದ್ದು ಟೀಚರಲ್ಲ ಇನೆಜ್. ಹೊಳೆ ದಾರಿ. ಅಧ್ಯಕ್ಷನ ನಾಯೀನೇ ಮಾತು ಮುರಿದ್ರೆ ಇಡೀ ದಾರಿ ಹೋಗುತ್ತೆ, ಎಲ್ಲರ ನಾಯಿಗಳಿಗೂ. ಹಿಂದೆ ಯಾರಾದ್ರೂ ಬರ್ತಾರೆ, ನೋಡ್ಕೋತಾರೆ ಅಂದ್ಕೊಂಡೆ."

"ಐವತ್ತು ನಿಮಿಷ ಯಾರೂ ಬರಲಿಲ್ಲ," ಎಂದಳು ಇನೆಜ್. "ಆಮೇಲೆ ತಪ್ಪು ಹೊರಿಸಕ್ಕೆ ಈ ಹುಡುಗಿ ನಾಯಿ ಸಿಕ್ಕಿತು."

ಕೊರಿನ್ ಮೂಗು ಒರೆಸಿಕೊಂಡಳು. "ನಾನೂ ಸೇರಿದ್ದೆ ಅದಕ್ಕೆ," ಎಂದು ತನಗೆ ತಾನೇ ಹೇಳಿಕೊಂಡು, ಬಟನ್ ಕಡೆ ಕೈ ಚಾಚಿದಳು. ಅದು ಹತ್ತಿರ ಬರಲಿಲ್ಲ. "ಬಾರದಿದ್ರೆ ಬೇಡ ಬಿಡು, ನಿನ್ನ ತಪ್ಪಲ್ಲ," ಎಂದು ಕೈ ಹಿಂದೆ ತೆಗೆದುಕೊಂಡಳು.

ಇನೆಜ್ ಫೋನಿನಲ್ಲಿ ಚೀಲದ ಚಿತ್ರ ತೆಗೆದುಕೊಂಡಳು. ಗಾರ್ತ್ ಆ ಕೊಂಬೆಯನ್ನೇ ನೋಡುತ್ತಿದ್ದ. ಕಡೆಗೆ ತಿರುಗಿದ. ಆ ದಿನ ಮೊದಲ ಬಾರಿಗೆ ವಿಲ್ಲಾಳ ಮುಖ ನೋಡಿದ.

"ಬೇರೆಯವರು ಬಿಟ್ಟುಹೋದ ಚೀಲ ನೀನು ಯಾರಿಗೂ ಹೇಳದೆ ಬಿಚ್ಚಿಕೊಂಡು ಹೋಗಿ ತೊಟ್ಟಿಗೆ ಹಾಕ್ತೀಯ. ಎಷ್ಟೋ ಸಲ ನೋಡಿದ್ದೀನಿ. ಇದೂ ಹಾಗೇ ಹೋಗಿರುತ್ತೆ ಅಂತ ಧೈರ್ಯ ಮಾಡ್ಕೊಂಡಿದ್ದೆ. ಗೇಟು ದಾಟಿ ನೋಡೋ ತನಕ ಖಾತ್ರಿ ಇರಲಿಲ್ಲ, ಅಷ್ಟೆ." ಚೀಲದ ಕಡೆ ಕೈ ತೋರಿಸಿದ. "ಇದೊಂದನ್ನ ಯಾಕೆ ಬಿಟ್ಟೆ?"

ವಿಲ್ಲಾ ಬಾಗಿ ಬಟನ್‌ನ ಕುತ್ತಿಗೆಗೆ ಕೈ ಹಾಕಿದಳು.

"ಬಣ್ಣ ನೋಡಿದೆ. ನಿಮ್ಮದು ಅಂತ ಗೊತ್ತಾಯ್ತು," ಎಂದಳು. "ನೀವು ಬಿಟ್ಟು ಹೋಗೋರಲ್ಲ ಅಂದ್ಕೊಂಡೆ."